ಕೆರೆಗೆ ಹೊಸ ಅಳತೆಗಾರ

ಕೆರೆ ಸಭೆಯಲ್ಲಿ ಎಮ್ಮೆಗಳದ್ದು ಆಡಳಿತ ಪಕ್ಷ, ಕಪ್ಪೆಗಳದ್ದು ವಿರೋಧ ಪಕ್ಷ. ಯಾರೇ ಯೋಜನೆ ತಂದರೂ, ಅದರಿಂದ ಬೇಸಿಗೆಗೆ ಎಷ್ಟು ನೀರು ಉಳಿಯುತ್ತೆ ಅಂತ ಕೊಕ್ಕರೆ ಕೆರೆಗಿಳಿದು ನಿಂತು ಹೇಳಬೇಕು. ಯೋಜನೆ ಒಳ್ಳೇದೋ ಕೆಟ್ಟದ್ದೋ ಅವಳು ಹೇಳೋ ಹಾಗಿಲ್ಲ. ಅಧಿವೇಶನ ಮುಗಿಯೋವರೆಗೆ ಕಪ್ಪೆ ತಿನ್ನೋ ಹಾಗೂ ಇಲ್ಲ. ಎರಡನೇ ಷರತ್ತು ಕಷ್ಟದ್ದು, ಆದರೂ ಪಾಲಿಸ್ತಿದ್ದಳು.

ಹೊರಳಾಡೋಕೆ ಹೊಸ ಹೊಂಡ ತೋಡಿ, ಕೆರೆಯಿಂದ ಕಾಲುವೆ ಬಿಡ್ತೀವಿ ಅಂದವು ಎಮ್ಮೆಗಳು. ಕೊಕ್ಕರೆ ಇಳಿದು ನಿಂತು ನೋಡಿ, "ಈಗ ಮೊಣಕಾಲು ಮಟ್ಟ ಇದೆ. ಹೀಗೆ ಮಾಡಿದರೆ ಬೇಸಿಗೆಗೆ ಪಾದವೂ ನೆನೆಯಲ್ಲ" ಅಂದಳು.

"ನೀನು ಕಪ್ಪೆ ಕಡೆಯೋಳು, ಬಿಡಮ್ಮ" ಅಂತ ಮುಖಂಡ ಎಮ್ಮೆ ಮೂಗರಳಿಸಿತು.

ಕಪ್ಪೆಗಳು ಕುಣಿದಾಡಿದವು. ಅದೇ ಉತ್ಸಾಹದಲ್ಲಿ, ಮರಿಗಳಿಗೆ ಪಕ್ಕದಲ್ಲೊಂದು ಕೊಳ ಮಾಡಿ ಕೆರೆ ನೀರು ತುಂಬಿಸೋ ಯೋಜನೆ ಮಂಡಿಸಿದವು. ಕೊಕ್ಕರೆ ಮತ್ತೆ ಇಳಿದಳು. "ಇದಕ್ಕೂ ಅಷ್ಟೇ. ಪಾದ ನೆನೆಯಲ್ಲ."

"ನಿಮ್ಮ ಬಳಗದೋರು ಕೂರೋದೇ ಎಮ್ಮೆ ಬೆನ್ನ ಮೇಲೆ, ನಮಗೆ ಗೊತ್ತಿಲ್ವೇನಮ್ಮ?" ಅಂದವು ಕಪ್ಪೆಗಳು.

ಆವತ್ತು ಎರಡೂ ಪಕ್ಷಗಳಿಗೆ ಮೊದಲ ಸಲ ಒಮ್ಮತ ಬಂತು. ಕೊಕ್ಕರೆಯನ್ನ ಕೆಲಸದಿಂದ ಬಿಡಿಸಿ ಬಾತುಕೋಳಿಯನ್ನ ನೇಮಿಸಿದವು. ಬಾತುಕೋಳಿ ನೀರಲ್ಲಿ ಹಾಯಾಗಿ ತೇಲಿ, "ಹೊಟ್ಟೆ ಮಟ್ಟ ಇದೆ ಸ್ವಾಮಿ" ಅಂತು. ಎರಡೂ ಯೋಜನೆ ಪಾಸಾದವು.

ಬೇಸಿಗೆ ಬಂತು. ಬಾತುಕೋಳಿ ಬಿರುಕುಬಿಟ್ಟ ಕೆರೆಯ ನಡುವೆ ನಡೆದುಹೋಗಿ ಕೂತಿತು. ದಡದಲ್ಲಿದ್ದ ಕೊಕ್ಕರೆ ಕಿವಿಗೊಟ್ಟಳು. ತನ್ನ ಅಡಿಗೆ ಒಣ ನೆಲ ತಾಗ್ತಿರೋದನ್ನ ಬಗ್ಗಿ ನೋಡಿ ಖಚಿತ ಮಾಡಿಕೊಂಡು ಬಾತುಕೋಳಿ ವರದಿ ಒಪ್ಪಿಸಿತು:

"ಈಗಲೂ ಹೊಟ್ಟೆ ಮಟ್ಟವೇ ಸ್ವಾಮಿ."