ರೊಪ್ಪದ ಕಾವಲು ನಾಯಿ

"ಬುದ್ಧಿ, ಆಟೋಇಮ್ಯೂನ್ ಎಂದರೆ ಏನು?" ಎಂದು ಶಿಷ್ಯ ತಿಪ್ಪೇಶ ಕೇಳಿದ.

ಮಠದ ಜಗಲಿಯ ಮೇಲೆ ಕೂತಿದ್ದ ಗುರುಗಳು ಕಣ್ಣು ಕಿರಿದು ಮಾಡಿ ನೋಡಿದರು. "ಅದು ನಮ್ಮ ಶಾಸ್ತ್ರದ ಮಾತಲ್ಲವಲ್ಲಪ್ಪ. ಎಲ್ಲಿಂದ ತಂದೆ?"

"ನನ್ನ ತಂಗಿ ಕೊಟ್ರಮ್ಮನ ಕಾಯಿಲೆಗೆ ಪೇಟೆಯ ಡಾಕ್ಟರು ಹೇಳಿದ ಹೆಸರು. ಅವಳ ಬೆರಳಿನ ಗೆಣ್ಣುಗಳೆಲ್ಲ ಬಾತುಕೊಂಡಿವೆ, ಮುದ್ದೆ ಕಟ್ಟಲೂ ಆಗುವುದಿಲ್ಲ. ರೋಗವನ್ನು ತಡೆಯಬೇಕಾದ ಶಕ್ತಿಯೇ ತಿರುಗಿ ಮೈಯ ಮೇಲೆ ಬಿದ್ದರೆ ಹಾಗೆನ್ನುತ್ತಾರಂತೆ. ಆ ಶಕ್ತಿಯನ್ನು ತಗ್ಗಿಸಲು ಮಾತ್ರೆ ಕೊಟ್ಟಿದ್ದಾರೆ. ಊರವರು ಮಾತ್ರ ಅದಕ್ಕೆ 'ಮೈಯೇ ಮೈಗೆ ವೈರಿ' ಎಂದು ಅರ್ಥ ಮಾಡಿದ್ದಾರೆ. ಅವಳೂ ಅದನ್ನೇ ನಂಬಿ ತನ್ನ ಕೈಯನ್ನು ತಾನೇ ಶಪಿಸುತ್ತಾಳೆ. ಇಂಥ ದ್ರೋಹಿ ಮೈ ಇದ್ದರೆಷ್ಟು, ಹೋದರೆಷ್ಟು ಎಂದು ಮಾತ್ರೆಯನ್ನೂ ಬಿಟ್ಟಿದ್ದಾಳೆ."

"ಡಾಕ್ಟರು ಅರ್ಥ ಹೇಳಿಯಾಯಿತು, ಊರವರು ಅದನ್ನು ಕೆಡಿಸಿಯೂ ಆಯಿತು. ನನಗೆ ಇನ್ನೇನು ಉಳಿಸಿ ತಂದಿದ್ದೀಯ? ಕೂತುಕೋ," ಎಂದು ಗುರುಗಳು ಹೇಳತೊಡಗಿದರು.

ಒಬ್ಬ ಕುರಿಗಾಹಿ ಇದ್ದ. ಮುಳ್ಳುಬೇಲಿಯ ಒಂದು ರೊಪ್ಪ, ಅದರೊಳಗಿನ ಕುರಿಗಳು, ಅವನ್ನು ಕಾಯುವ ಒಂದು ನಾಯಿ, ಇಷ್ಟೇ ಅವನ ಸಂಸಾರಕ್ಕೆ ಆಧಾರ. ನಾಯಿಯನ್ನು ತಮ್ಮವರ ಪದ್ಧತಿಯಂತೆಯೇ ಸಾಕಿದ್ದ. ಕಣ್ಣು ಬಿಡುವ ಮೊದಲೇ ನಾಯಿಮರಿಯನ್ನು ತಂದು ಕುರಿಯ ಕೆಚ್ಚಲಿಗೆ ಬಾಯಿ ಹಚ್ಚುತ್ತಾರೆ. ಅದು ಕುರಿಮರಿಗಳ ಜೊತೆಗೇ ಮಲಗಿ, ಆ ವಾಸನೆಯೇ ತನ್ನವರ ವಾಸನೆ ಎಂದು ತಿಳಿದು ಬೆಳೆಯಬೇಕು. ಆಟಕ್ಕಾದರೂ ಸರಿ, ಕುರಿಯ ಕಿವಿ ಕಚ್ಚಿದ ಮರಿಯನ್ನು ರೊಪ್ಪದಲ್ಲಿ ಉಳಿಸಿಕೊಳ್ಳುವುದಿಲ್ಲ. ಈ ನಾಯಿ ಕಚ್ಚಿರಲಿಲ್ಲ, ಉಳಿದುಕೊಂಡಿತು.

ಮಾಗಿಯ ಒಂದು ಮುಂಜಾನೆ ತೋಳ ಬೇಲಿ ಹಾರಿತು. ನಾಯಿ ಅದರ ಗಂಟಲಿಗೆ ಬಾಯಿ ಹಾಕಿದ್ದು, ಉಸಿರು ನಿಲ್ಲುವ ತನಕ ಬಿಡಲಿಲ್ಲ. ಕುರಿಗಾಹಿ "ಭಲೇ ನನ್ನ ಮಗನೆ!" ಎಂದು ತನ್ನ ಪಾಲಿನ ಮುದ್ದೆಯನ್ನೇ ಅದಕ್ಕೆ ಹಾಕಿದ. ಹಿರಿಯರ ವಾಡಿಕೆಯಂತೆ ತೋಳದ ಚರ್ಮ ಸುಲಿದು ಬೇಲಿಗೆ ತೂಗುಹಾಕಿದ. ಅದನ್ನು ಕಂಡರೆ ಬೇರೆ ತೋಳ ಹತ್ತಿರ ಸುಳಿಯುವುದಿಲ್ಲ ಎಂದು ಅವರ ನಂಬಿಕೆ. ಕುರಿಗಳಿಗೆ ಚಳಿಯೂ ತಪ್ಪಲಿ ಎಂದು ಗಾಳಿ ಬೀಸುವ ಕಡೆಗೇ ಹಾಕಿದ.

ಮರಿಗಳು ಬೆಚ್ಚಗಿದೆಯೆಂದು ಆ ಚರ್ಮಕ್ಕೆ ಒತ್ತಿಕೊಂಡು ಮಲಗಿದವು. ಅದರ ವಾಸನೆ ಅವುಗಳ ಉಣ್ಣೆಗೆ ಹತ್ತಿತು. ಕುರಿಗಾಹಿಗೆ ಅದು ತಿಳಿಯಲಿಲ್ಲ. ಮನುಷ್ಯನ ಮೂಗು ಎಷ್ಟರದು! ನಾಯಿಗೆ ತಿಳಿಯಿತು.

ಒಂದು ಬೆಳಗ್ಗೆ ಕುರಿಮರಿಯೊಂದು ಕುತ್ತಿಗೆ ಹರಿದು ಬಿದ್ದಿತ್ತು. ಬೇಲಿ ಎಲ್ಲಿಯೂ ಕಿತ್ತುಹೋಗಿರಲಿಲ್ಲ. ಪಕ್ಕದಲ್ಲಿ ನಿಂತಿದ್ದ ನಾಯಿಯ ಬಾಯೆಲ್ಲ ರಕ್ತ. ಯಜಮಾನನನ್ನು ಕಂಡು ಅದು ಬಾಲ ಅಲ್ಲಾಡಿಸಿತು.

ಕುರಿಗಾಹಿಗೆ ಕಾರಣ ಹೊಳೆಯುವಷ್ಟರಲ್ಲಿ ಇನ್ನೂ ಕೆಲವು ಮರಿಗಳು ಹೋಗಿದ್ದವು. ಚರ್ಮವನ್ನು ಸುಟ್ಟ. ಉಳಿದ ಮರಿಗಳನ್ನು ಹಳ್ಳಕ್ಕೆ ಹೊಡೆದುಕೊಂಡು ಹೋಗಿ ಮೈ ತೊಳೆದ. ಏನು ತೊಳೆದರೇನು, ನಾಯಿಯ ಮೂಗಿನಲ್ಲಿ ತೋಳದ ವಾಸನೆಯೂ ಕುರಿಯ ವಾಸನೆಯೂ ಒಂದಾಗಿ ಹೋಗಿದ್ದವು. ಬೇಲಿಯ ಬದಿಗೆ ಮಲಗದೇ ಇದ್ದ ಕುರಿಗಳನ್ನೂ ಅದು ಕಚ್ಚಿತು. ಕೊನೆಗೆ ತನಗೆ ಹಾಲು ಕೊಟ್ಟ ಮುದಿ ಕುರಿಯನ್ನೂ ಬಿಡಲಿಲ್ಲ.

"ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತಲ್ಲ! ಉಂಡ ಮನೆಗೆ ಎರಡು ಬಗೆದದ್ದನ್ನು ಇನ್ನೂ ಯಾಕೆ ಇಟ್ಟುಕೊಳ್ಳಬೇಕು? ಹೊಡೆದು ಹಾಕಬೇಕು," ಎಂದಳು ಹೆಂಡತಿ.

"ಹೊಡೆದು ಹಾಕಿದರೆ ನಾಳೆ ತೋಳಕ್ಕೆ ಅಡ್ಡ ನಿಲ್ಲುವವರು ಯಾರು, ನೀನಾ?" ಎಂದ ಕುರಿಗಾಹಿ. ಸಿಟ್ಟಿನಲ್ಲಿ ಅಂದುಬಿಟ್ಟ. ಆಮೇಲೆ ಅಲ್ಲೇ ಕುಕ್ಕರಗಾಲಲ್ಲಿ ಕೂತು ಅತ್ತ.

ನಾಯಿಯನ್ನು ಗೂಟಕ್ಕೆ ಬಿಗಿದು ಕಟ್ಟಿದ. ತೋಳಗಳು ಬಂದು ಗಬ್ಬದ ಕುರಿಯನ್ನು ಎಳೆದೊಯ್ದವು. ನಾಯಿ ಹಗ್ಗ ಜಗ್ಗಿ ಜಗ್ಗಿ ಬೊಗಳಿತು, ಅಷ್ಟೇ. ಬಿಚ್ಚಿ ಬಿಟ್ಟ. ಮತ್ತೊಂದು ಮರಿ ಸತ್ತಿತು. ಹಗ್ಗವನ್ನು ಉದ್ದ ಮಾಡಿದ, ಗಿಡ್ಡ ಮಾಡಿದ. ಅರೆಹೊಟ್ಟೆಗೆ ಹಾಕಿ ಅದರ ಕಸುವು ತಗ್ಗಿಸಿ ನೋಡಿದ. ಸಾಯುವ ಮರಿಗಳು ಕಡಿಮೆಯಾದವು, ಆದರೆ ತೋಳದ ಭಯ ಹೆಚ್ಚಿತು. ಪೂರ್ತಿ ಪರಿಹಾರ ಅವನಿಗೆ ಸಿಗಲೇ ಇಲ್ಲ. ರೊಪ್ಪ ಮಾತ್ರ ಹೇಗೋ ಉಳಿಯಿತು. ಹಗ್ಗವನ್ನು ಇವತ್ತು ಎಷ್ಟು ಸಡಿಲ ಬಿಡಲಿ ಎಂಬ ಚಿಂತೆಯಲ್ಲೇ ಅವನ ಉಳಿದ ಆಯುಸ್ಸು ಸವೆಯಿತು. ಆ ಬಡಕಲು ನಾಯಿಗೆ ಗಂಜಿ ಹಾಕುವಾಗಲೆಲ್ಲ ಅದರ ತಲೆ ಸವರುತ್ತಿದ್ದ. ಒಂದು ದಿನವೂ ಅದನ್ನು ಬೈಯಲಿಲ್ಲ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ತಿಪ್ಪೇಶನಿಗೆ ಸಂಕಟವೂ ಸಿಟ್ಟೂ ಒಟ್ಟಿಗೇ ಬಂದವು.

"ಅದು ಹೇಗೆ ಬುದ್ಧಿ? ಹಾಲು ಕುಡಿಸಿದ ಕುರಿಯನ್ನೇ ಕಚ್ಚಿ ಕೊಂದ ದ್ರೋಹಿಯನ್ನು ಬೈಯದೆ ಇರುವುದಾದರೂ ಹೇಗೆ?"

"ಅದು ಯಾವತ್ತೂ ಕುರಿಯನ್ನು ಕಚ್ಚಲಿಲ್ಲ, ತಿಪ್ಪೇಶ, ಕಚ್ಚಿದಷ್ಟು ಸಲವೂ ತೋಳವನ್ನೇ ಕಚ್ಚುತ್ತಿತ್ತು."