ರಾಣಿಯ ಮೋಟಾರಿನ ಮೂರು ಒಗಟು

“ಕೇಳಿರಪ್ಪಾ ಕೇಳಿ. ಕೋಡುಗಲ್ಲಿನ ಮಹಾರಾಜರ ಅಪ್ಪಣೆಯಾಗಿದೆ. ರಾಣಿಯಮ್ಮ ತೀರಿಕೊಂಡ ಮೋಟಾರು ಅರಮನೆ ಅಂಗಳದಲ್ಲಿ ನಿಂತಿದೆ. ಅದರ ವಿಷಯ ಮಹಾರಾಜರು ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವನು ಬೇಡಿದ್ದು ಪಡೆಯುತ್ತಾನೆ. ಒಂದು ತಪ್ಪಿದರೂ, ಬರುವ ಅಮಾವಾಸ್ಯೆಗೆ, ಮೋಟಾರು ಓಡಿಸಿದ ಸಿದ್ದಯ್ಯನ ಜೊತೆಗೇ ಗಲ್ಲು.”

ಡಂಗುರದವನು ಊರೂರು ಸುತ್ತಿದ. ಜವರನ ಊರಿಗೆ ಬರುವಷ್ಟರಲ್ಲಿ ಅವನ ಗಂಟಲು ಕಟ್ಟಿಹೋಗಿತ್ತು.

ಜವರ ಲಾರಿ ರಿಪೇರಿ ಮಾಡುವವನು. ಸಿದ್ದಯ್ಯ ಅವನ ಅಣ್ಣ. ಹೋದ ಚಳಿಗಾಲದಲ್ಲಿ ರಾಣಿಯನ್ನು ತವರಿಗೆ ಕರೆದೊಯ್ಯುವಾಗ, ನಟ್ಟನಡು ಹಗಲಲ್ಲಿ, ಮೋಟಾರು ಘಾಟಿಯ ತಿರುವಿನಿಂದ ಹಳ್ಳಕ್ಕೆ ಬಿತ್ತು. ರಾಣಿ ಹೋದರು. ಅಣ್ಣ ಉಳಿದ. ಕುಡಿದಿದ್ದ ಎಂದು ಊರು ಮಾತಾಡಿತು. ಅಣ್ಣ ಹೆಂಡ ಮುಟ್ಟಿದವನಲ್ಲ. ಜವರ ಅದನ್ನು ಹೇಳಿ ಹೇಳಿ ಸಾಕಾಗಿ, ಈಗ ಹೇಳುವುದನ್ನೇ ಬಿಟ್ಟಿದ್ದ.

ಅಂಗಿ ಕೊಡವಿಕೊಂಡು ಹೊರಟ. ಎರಡು ದಿನ ನಡೆದ.

ಅಂಗಳದಲ್ಲಿ ಅವನ ಮುಂದೆ ಇಬ್ಬರು ನಿಂತಿದ್ದರು. ಒಬ್ಬ ದಳವಾಯಿಯ ಮಗ ಕಾಂತರಾಜ, ಜರಿ ಪೇಟದವನು. ಇನ್ನೊಬ್ಬರು ಆಸ್ಥಾನದ ಜೋಯಿಸರು.

“ಏನೋ, ಗ್ರೀಸು ಒರೆಸಿಕೊಂಡಾದರೂ ಬರಬಾರದಿತ್ತೇ?” ಎಂದ ಕಾಂತರಾಜ.

“ಒರೆಸಿದ್ದೇನೆ ಸ್ವಾಮಿ. ಇದು ಉಳಿದದ್ದು.”

ರಾಜ ಮೋಟಾರಿನ ಪಕ್ಕ ಒಂದು ಉದ್ದನೆ ಮಣೆಯ ಮೇಲೆ ಕೂತಿದ್ದ. ಗಡ್ಡ ಬೆಳೆದಿತ್ತು. ದನಿ ಏಳುತ್ತಿರಲಿಲ್ಲ.

“ಕಾಂತರಾಜ, ಮೊದಲನೆಯದು. ಈ ಗಾಡಿಯೊಳಗೆ ಬಿಸಿಗಾಳಿ ಬರುತ್ತದೆ. ಸೌದೆಯಿಲ್ಲ, ಕೆಂಡವಿಲ್ಲ. ಹೊರಟ ಕೂಡಲೇ ಕೇಳಿದರೆ ಬರುವುದಿಲ್ಲ. ಹರದಾರಿ ದೂರ ಹೋದ ಮೇಲೆ ಬರುತ್ತದೆ. ಆ ಬಿಸಿ ಯಾರದು?”

“ಸೂರ್ಯದೇವನದು, ಮಹಾಪ್ರಭು.”

“ಕತ್ತಲಲ್ಲೂ ಬರುತ್ತದಪ್ಪ,” ಎಂದು ರಾಜ ಕೈ ಎತ್ತಿದ. ಭಟರು ಕಾಂತರಾಜನನ್ನು ಕರೆದೊಯ್ದರು. ಪೇಟ ಅಲ್ಲೇ ಉಳಿಯಿತು.

ಜೋಯಿಸರು ಮುಂದೆ ಬಂದರು. “ಆ ಬಿಸಿ ಎಂಜಿನ್ನಿನದು.”

“ಸರಿ. ಎರಡನೆಯದು. ಗಾಜು ಏರಿಸಿದೆ, ಬಾಗಿಲು ಮುಚ್ಚಿದೆ. ಹೊರಗೆ ಹನಿ ಮಳೆಯಿಲ್ಲ. ಆದರೂ ಒಳಗಿನ ಗಾಜು ಒದ್ದೆಯಾಗಿ ಕುರುಡಾಗುತ್ತದೆ. ಒರೆಸಿದರೆ ಮತ್ತೆ ಕುರುಡು. ಆ ನೀರು ಎಲ್ಲಿಯದು? ಆ ಕುರುಡು ಬಿಡಿಸುವವರು ಯಾರು?”

ಜೋಯಿಸರು ಬೆರಳು ಮಡಚಿ ಲೆಕ್ಕ ಹಾಕಿದರು. “ಬಾಗಿಲ ಸಂದಿಯಿಂದ ಇಬ್ಬನಿ ನುಗ್ಗುತ್ತದೆ. ಸಂದಿಗೆ ಬಟ್ಟೆ ತುರುಕಿದರೆ ಆಯಿತು.”

“ಹಿಂದೊಮ್ಮೆ ತುರುಕಿ ನೋಡಿದ್ದೆ,” ಎಂದ ರಾಜ. “ಇನ್ನೂ ಹೆಚ್ಚಾಯಿತು.”

ಜೋಯಿಸರೂ ಹೋದರು. ಜವರ ಒಬ್ಬನೇ ಉಳಿದ.

“ನೀನು ಯಾರು?”

“ಸಿದ್ದಯ್ಯನ ತಮ್ಮ, ಬುದ್ಧಿ.”

ರಾಜ ಅವನತ್ತ ತಿರುಗಿ ಕೂತ. “ಮೊದಲಿಂದ ಹೇಳು. ಯಾಕೆ, ಹೇಗೆ, ಎಲ್ಲ ಹೇಳು.”

“ಎಂಜಿನ್ನು ದುಡಿದರೆ ಕಾಯುತ್ತದೆ ಬುದ್ಧಿ. ಆ ಕಾವನ್ನು ನೀರು ಹೊತ್ತುಕೊಂಡು ಸುತ್ತುತ್ತದೆ. ಕೆಂಪು ಗೆರೆಯ ಗುಂಡಿ ತಿರುಗಿಸಿದರೆ ಆ ಕಾವಿನ ಮೇಲೆ ಗಾಳಿ ಹಾದು ಒಳಗೆ ಬರುತ್ತದೆ. ಆಗತಾನೇ ಎದ್ದ ಎಂಜಿನ್ನಿನ ಹತ್ತಿರ ಕಾವೇ ಇರುವುದಿಲ್ಲ. ಕೊಡುವುದೆಲ್ಲಿಂದ?”

“ಎರಡನೆಯದು?”

“ಗಾಜಿನ ಮೇಲಿನ ನೀರು ಒಳಗೆ ಕೂತವರ ಉಸಿರು. ಗಾಜು ತಣ್ಣಗಿರುತ್ತದೆ, ಉಸಿರು ಹೋಗಿ ಅಂಟುತ್ತದೆ. ಬಿಡಿಸಲು ಇಬ್ಬರು ಬೇಕು. ತಣ್ಣನೆ ಮಾಡುವ ಯಂತ್ರ ಗಾಳಿಯ ಒದ್ದೆ ಹಿಂಡುತ್ತದೆ. ಬಿಸಿ ಗುಂಡಿ ಆ ಒಣಗಾಳಿಯನ್ನು ಕಾಯಿಸುತ್ತದೆ. ಎರಡನ್ನೂ ಹಾಕಿ ಗಾಳಿಯನ್ನು ಗಾಜಿಗೆ ಬಿಡಬೇಕು. ಚಳಿಯಲ್ಲಿ ತಣ್ಣನೆ ಯಂತ್ರ ಯಾಕೆ ಅಂತ ಜನ ಅದನ್ನು ಮುಟ್ಟುವುದಿಲ್ಲ.”

ರಾಜ ತಲೆಯಾಡಿಸಿದ. ಮೂರನೆಯದನ್ನು ಕೇಳಿದ.

“ಒಬ್ಬ ರಾತ್ರಿಯೆಲ್ಲ ನಿದ್ದೆ ಮಾಡಿ ಎದ್ದಿದ್ದ. ಕುಡಿದಿರಲಿಲ್ಲ. ನಾನೇ ಬಾಯಿ ಮೂಸಿ ಕಳಿಸಿದ್ದೆ. ಗಾಡಿ ಓಡಿಸುತ್ತಲೇ, ಹಗಲಲ್ಲೇ, ಕೈಯಲ್ಲಿ ಹಿಡಿದ ಚಕ್ರದ ಮೇಲೆ ತಲೆಯಿಟ್ಟು ಮಲಗಿಬಿಟ್ಟ. ಅವನನ್ನು ಮಲಗಿಸಿದವರು ಯಾರು?”

ಜವರ ಮೋಟಾರಿನೊಳಗೆ ಕೂತು ನೋಡಿದ. ಮೂರನೆಯ ಗುಂಡಿಯ ಮೇಲೆ ಬಂಡಿಯ ಚಿತ್ರ, ಬಂಡಿಯೊಳಗೇ ಸುತ್ತುವ ಬಾಣ. ಗುಂಡಿಯನ್ನು ಒತ್ತಿ, ಮೇಲೆ ಕೆಂಪು ಅರಗು ಸುರಿದು, ಉಂಗುರದ ಮುದ್ರೆ ಹಾಕಿತ್ತು. ರಾಜಮುದ್ರೆ ಒಡೆದವನ ಕೈ ಕಡಿಯುವುದು ಆ ರಾಜ್ಯದ ಕಟ್ಟಳೆ. ಅಣ್ಣ ಯಾಕೆ ಒಡೆಯಲಿಲ್ಲ ಎಂದು ಜವರನಿಗೆ ತಿಳಿಯಿತು. ಹೇಳಿದರೂ ತಲೆ ಹೋಗುತ್ತದೆ, ಹೇಳದಿದ್ದರೂ ತಲೆ ಹೋಗುತ್ತದೆ. ಇಳಿದು ಬಂದ.

“ಈ ಗುಂಡಿ ಹೊರಗಾಳಿಗೆ ಬಾಗಿಲು ಹಾಕುತ್ತದೆ ಬುದ್ಧಿ. ಒಂದೆರಡು ಗಳಿಗೆ ಧೂಳು ತಪ್ಪಿಸಲು ಒಳ್ಳೆಯದು. ಆಮೇಲೆ ತೆಗೆಯಬೇಕು. ತೆಗೆಯದಿದ್ದರೆ ಬಿಟ್ಟ ಉಸಿರನ್ನೇ ಮತ್ತೆ ಮತ್ತೆ ಎಳೆಯಬೇಕಾಗುತ್ತದೆ. ಗಾಜು ಮಂಕಾಗುತ್ತದೆ, ತಲೆ ಭಾರವಾಗುತ್ತದೆ, ಕಣ್ಣು ತಾನಾಗಿ ಮುಚ್ಚುತ್ತದೆ. ನನ್ನ ಅಣ್ಣನನ್ನು ಮಲಗಿಸಿದ್ದು ಈ ಮುದ್ರೆ ಹಾಕಿದ ಕೈ.”

ಭಟರು ಕತ್ತಿಗೆ ಕೈ ಹಾಕಿದರು. ರಾಜ ಬೇಡವೆಂದ.

“ಘಾಟಿಯ ಧೂಳಿಗೆ ಅವಳಿಗೆ ಕೆಮ್ಮು ಹತ್ತುತ್ತಿತ್ತು,” ಎಂದ. “ಯಾರಾದರೂ ತೆಗೆದುಬಿಡುತ್ತಾರೆ ಅಂತ ಮುದ್ರೆ ಹಾಕಿದೆ. ಕಿಟಕಿ ತೆಗೆಯಬೇಡ ಅಂತಲೂ ಹೇಳಿದ್ದೆ.” ತನ್ನ ಬೆರಳು ನೋಡಿಕೊಂಡ. “ಉತ್ತರ ಸರಿಯಾಗಿದೆ. ಏನು ಬೇಕು ಕೇಳು.”

“ಅಣ್ಣನನ್ನು ಬಿಡಿ ಬುದ್ಧಿ. ಸೆರೆಯೊಳಗಿರುವ ಬೇರೆಯವರನ್ನೂ ಬಿಡಿ. ಗೊತ್ತಿಲ್ಲದ್ದಕ್ಕೆ ಸಾಯುವುದು ಬೇಡ.”

ಎಲ್ಲರನ್ನೂ ಬಿಟ್ಟರು. ಮೋಟಾರಿನ ಗುಂಡಿಗಳಿಗೆ ಮುದ್ರೆ ಹಾಕಬಾರದೆಂದು ಅಂದೇ ಕಟ್ಟಳೆಯಾಯಿತು. ಅರಮನೆಯ ಗಾಡಿಗಳನ್ನೆಲ್ಲ ಜವರನ ಕೈಗೆ ಕೊಟ್ಟರು. ಮನೆಯನ್ನೂ ಕೊಟ್ಟರು. ಅವನು ಬೇಡವೆನ್ನಲಿಲ್ಲ.

ಸಿದ್ದಯ್ಯ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಅಂಗಳಕ್ಕೆ ಬಂದ. ರಾಜ ಎದ್ದು ನಿಂತ. ಈ ಹತ್ತು ತಿಂಗಳಲ್ಲಿ ಅವನನ್ನು ಎದುರಿಗೆ ಕರೆದು ಒಂದು ಮಾತೂ ಕೇಳಿರಲಿಲ್ಲ.

“ಕೊನೆಗೆ ಅವಳು ಏನಂದಳು ಸಿದ್ದಯ್ಯ?”

“ನಿದ್ದೆ ಬರ್ತಾ ಇದೆ, ತವರು ಬಂದಾಗ ಎಬ್ಬಿಸು ಅಂದರು, ಬುದ್ಧಿ.”

ರಾಜ ಮಣೆಯ ಮೇಲೆ ಸರಿದು ಕೂತ. ಪಕ್ಕದಲ್ಲಿ ಜಾಗವಾಯಿತು. ಸಿದ್ದಯ್ಯ ಸ್ವಲ್ಪ ಹೊತ್ತು ನಿಂತಿದ್ದು, ಆಮೇಲೆ ಕೂತ.