ಮಡಿ ಮೆಟ್ಟಿಲ ನೀರು

ಯಾರೇ ಏನೇ ಕೇಳಲಿ, ಅಚಲಮ್ಮನವರು ಮೊದಲು ಕೇಳಿದವರ ಕೈ ನೋಡುತ್ತಿದ್ದರು. ಮುಖ ಆಮೇಲೆ.

ಅಂದು ಶಿಷ್ಯೆ ನೀಲಾಂಬಿಕೆಯ ಕೈಯಲ್ಲಿ ಹೊಳೆನೀರು ತುಂಬಿದ ಆರು ಬಾಟಲಿಗಳಿದ್ದವು.

ಆಶ್ರಮದ ಶಾಲೆಯ ಮಕ್ಕಳಿಗೆ ಎಂಟು ದಿನದಿಂದ ವಾಂತಿಭೇದಿ. ನೀರಿಗೆ ಎಲ್ಲಿಂದಲೋ ಮಲ ಸೇರುತ್ತಿತ್ತು.

"ಅಮ್ಮಾ, ಸಣ್ಣೀರಮ್ಮನ ಎಮ್ಮೆಗಳದ್ದೇ. ಮೇಲುಗಡೆ ಮಡುವಿನಲ್ಲಿ ದಿನಾ ಬಿದ್ದಿರ್ತವೆ. ಬೇಲಿ ಹಾಕಿಸಿ ಅಂತ ವ್ಯವಸ್ಥಾಪಕರಿಗೆ ಹೇಳಿದೀನಿ."

"ಎಮ್ಮೆ ಒಪ್ಪಿಕೊಂಡವಾ?"

ನೀಲಾಂಬಿಕೆ ತಲೆ ತಗ್ಗಿಸಿದಳು. "ಪ್ರಯೋಗಾಲಯದವರು ಹೇಳ್ತಾರೆ. ಕೆಲವು ಬ್ಯಾಕ್ಟೀರಿಯಾ ದನ-ಎಮ್ಮೆಯ ಕರುಳಿನಲ್ಲೇ ಬಾಳೋದು, ಕೆಲವು ಮನುಷ್ಯರ ಕರುಳಿನಲ್ಲೇ. ನೀರಿನಲ್ಲಿ ಯಾವುದು ಸಿಗತ್ತೋ, ಹೊಲಸು ಅವರದ್ದು."

"ಎಲ್ಲೆಲ್ಲಿ ತುಂಬಿದೆ?"

"ಆರೂ ಎಮ್ಮೆ ಮಡುವಿನಲ್ಲೇ."

"ನಮ್ಮ ಮಡಿ ಮೆಟ್ಟಿಲಲ್ಲಿ?"

ಪೂಜೆಗೂ ಅಡುಗೆಗೂ ಕುಡಿಯುವುದಕ್ಕೂ ಒದ್ದೆಬಟ್ಟೆಯುಟ್ಟು ನೀರು ತರುವ ಜಾಗ ಅದು. ನೀಲಾಂಬಿಕೆ ನಾಲಿಗೆ ಕಚ್ಚಿಕೊಂಡಳು.

"ಮಡಿ ನೀರಲ್ವಾ ಅಮ್ಮಾ? ಅದಕ್ಕೆ ಬಾಟಲಿ ಅದ್ದೋದು ಹೇಗೆ?"

"ಬಾಟಲಿ ಹೇಗೆ ತೊಳೆದೆ?"

"ಕುಕ್ಕರಿನಲ್ಲಿಟ್ಟು ಹಬೆ ಹಾಯಿಸಿದೆ. ಒಳಗೆ ಒಂದು ಜೀವಾಣುವೂ ಉಳಿದಿಲ್ಲ."

"ಹಾಗಾದರೆ ನಮಗಿಂತ ಅದೇ ಮಡಿ. ಅದ್ದು."

ಏಳನೆಯ ಬಾಟಲಿಯೂ ಪಟ್ಟಣಕ್ಕೆ ಹೋಯಿತು. ಉತ್ತರ ಬರುವಷ್ಟರಲ್ಲಿ ಮಡುವಿಗೆ ಮುಳ್ಳುಬೇಲಿ ಬಂತು. ಮಕ್ಕಳು ಮಾತ್ರ ಹಾಸಿಗೆ ಬಿಟ್ಟು ಏಳಲಿಲ್ಲ.

ಕೊನೆಗೆ ಉತ್ತರ ಬಂತು: ಆರು ಬಾಟಲಿಗಳಲ್ಲಿ ಎಮ್ಮೆಯದ್ದು, ಅದೂ ಅಷ್ಟಿಷ್ಟು. ಏಳನೆಯದರಲ್ಲಿ ಮನುಷ್ಯರದ್ದು, ತುಂಬಿ ತುಳುಕುವಷ್ಟು.

ಅಚಲಮ್ಮನವರು ಮಡಿ ಮೆಟ್ಟಿಲಿನಿಂದ ದಡದಗುಂಟ ನಡೆದರು. ಹುಲ್ಲು ವಿಪರೀತ ಹಸಿರಾಗಿದ್ದ ಕಡೆ ಕೋಲು ಊರಿದರು. ನೆಲ ಒಸರಿತು. ಮೇಲೆ ನೋಡಿದರೆ ಆಶ್ರಮದ್ದೇ ಪಾಯಿಖಾನೆಯ ಗುಂಡಿ, ಗೋಡೆ ಬಿರಿದಿತ್ತು.

ಅಂದೇ ಮೆಟ್ಟಿಲಿನಿಂದ ನೀರು ತರುವುದನ್ನು ನಿಲ್ಲಿಸಿದರು. ಗುಂಡಿ ಬಳಿದು ಕಟ್ಟುವವರಿಗೆ ಹೇಳಿ ಕಳಿಸಿದರು. ಬೇಲಿ ಕೀಳಲು ಆಳು ಅಟ್ಟಿದರು.

"ಅಮ್ಮಾ," ಎಂದಳು ನೀಲಾಂಬಿಕೆ, "ಎಲ್ಲ ಸರಿ ಆಯ್ತಲ್ಲ. ಯಾರದ್ದು ಅಂತ ಹೊರಗೆ ಹೇಳಲೇಬೇಕಾ? ಆಶ್ರಮದ ಮರ್ಯಾದೆ..."

ಅಚಲಮ್ಮನವರು ಎರಡು ಖಾಲಿ ಕೊಡ ಎತ್ತಿಕೊಂಡರು. ಒಂದನ್ನು ಅವಳ ಕೈಗಿಟ್ಟರು. ಹೊರಟರು.

ಸಣ್ಣೀರಮ್ಮ ಬಾವಿಯಿಂದ ನೀರು ಸೇದಿ ಸೇದಿ ಎಮ್ಮೆಗಳ ಬೆನ್ನಿಗೆ ಹೊಯ್ಯುತ್ತಿದ್ದಳು. ಬಿಸಿಲಿಗೆ ಅವು ಏದುಸಿರು ಬಿಡುತ್ತಿದ್ದವು. ಹಗ್ಗ ಎಳೆದು ಎಳೆದು ಅವಳ ಅಂಗೈ ಕೆಂಪಾಗಿ ಸುಲಿದಿತ್ತು.

"ಏನ್ರವ್ವಾ, ಇನ್ನೆಲ್ಲಿಗೆ ಬೇಲಿ? ನನ್ನ ಬಾಯಿಗಾ?"

"ಹೊಲಸು ನಮ್ಮದು ಸಣ್ಣೀರಮ್ಮಾ," ಎಂದರು ಅಚಲಮ್ಮನವರು. "ನಮ್ಮ ಪಾಯಿಖಾನೆಯದ್ದು. ನಿನ್ನ ಎಮ್ಮೆಗಳದ್ದಲ್ಲ."

ಸಣ್ಣೀರಮ್ಮ ಮತ್ತೊಂದು ಬಿಂದಿಗೆ ಸೇದಿದಳು. ತಿರುಗಿ ನೋಡಲಿಲ್ಲ.

ನೀಲಾಂಬಿಕೆ ಒಂದು ಹೆಜ್ಜೆ ಮುಂದೆ ಬಂದಳು. "ಬೇಲಿ ಹಾಕಿ ಅಂದವಳು ನಾನು, ಅಕ್ಕಾ. ಪರೀಕ್ಷೆಗೂ ಮುಂಚೆನೇ."

"ಓದಿದವಳು ನೀನು," ಎಂದಳು ಸಣ್ಣೀರಮ್ಮ. ಅಷ್ಟೇ. ನೀರು ಎಮ್ಮೆಯ ಬೆನ್ನಿನಿಂದ ಇಳಿದು ಅವರ ಕಾಲಬುಡಕ್ಕೆ ಹರಿಯಿತು.

ಅಚಲಮ್ಮನವರು ಕೊಡವನ್ನು ಬಾವಿಕಟ್ಟೆಯ ಮೇಲಿಡಲಿಲ್ಲ. ಸೊಂಟದಲ್ಲೇ ಹಿಡಿದು ನಿಂತರು.

"ಸಣ್ಣೀರಮ್ಮಾ, ಮಕ್ಕಳ ಗಂಜಿಗೆ ನಿನ್ನ ಬಾವಿಯಿಂದ ಎರಡು ಕೊಡ ನೀರು ಕೊಡ್ತೀಯಾ?"